ಸೇತುವೆ ದಾಟಿದ ಮನೆಜಗಳ

ಸೇತುವೆ ಸಂತೆಯ ಮಾರಾಟಗಾರ್ತಿಯರ ಸಂಘದ ಈ ವಾರ್ಷಿಕೋತ್ಸವದ ಅಧ್ಯಕ್ಷತೆ ವಹಿಸಿರುವ ಶ್ರೀಮತಿ ನೆಮೆಸಿಯಾ ಲರೀಕೊ ಅವರೇ, ಪ್ರಾರ್ಥನೆಯನ್ನು ಇಂದು ಅಪರೂಪಕ್ಕೆ ಚುಟುಕಾಗಿ ಮುಗಿಸಿದ ಪಾದ್ರಿಗಳೇ, ನಮ್ಮ ಚಾಕಪಂಪದ ಈಗಿನ ಮೇಯರ್ ಅವರೇ, ನದಿಯ ಈಚೆಯಿಂದಲೂ ಆಚೆಯಿಂದಲೂ ವ್ಯಾಪಾರ ಬಿಟ್ಟು ಬಂದು ಕುಳಿತಿರುವ ಅಕ್ಕತಂಗಿಯರೇ, ಅವರು ಜಾಗ ಬಿಡದ ಕಾರಣ ಗೋಡೆಗೆ ಒರಗಿ ನಿಂತಿರುವ ಅಣ್ಣತಮ್ಮಂದಿರೇ, ಇಂದು ಸಂಘದ ಅಧ್ಯಕ್ಷ ಸ್ಥಾನದಿಂದ ನಿವೃತ್ತರಾಗಿ ನಮ್ಮೆಲ್ಲರ ಸನ್ಮಾನ ಸ್ವೀಕರಿಸುತ್ತಿರುವ ಶ್ರೀಮತಿ ಬಸಿಲಿಯಾ ತಾರ್ಕಿ ಅವರೇ, ಸಭಿಕರೇ,

ನಿರೂಪಣೆ ಮಾಡಿದ ತಂಗಿ ನನ್ನನ್ನು ‘ನೆರೆಯ ಬೊಲಿವಿಯಾದಿಂದ ಆಗಮಿಸಿರುವ ವಿದೇಶಿ ಅತಿಥಿ ಫಿದೆನ್ಸಿಯೊ ಕಲಿಸಾಯಾ’ ಎಂದು ಪರಿಚಯಿಸಿದಳು. ನೀವು ಚಪ್ಪಾಳೆ ತಟ್ಟಿದಿರಿ. ಕೆಲವರು ಬಾಯಿಗೆ ಶಾಲು ಅಡ್ಡ ಹಿಡಿದು ನಕ್ಕಿರಿ. ನಗಬೇಕಾದ್ದೇ. ನಾನು ಹುಟ್ಟಿದ್ದು ಪೆರು ದೇಶದ ಇದೇ ಊರಿನಲ್ಲಿ, ಈ ಸಭಾಂಗಣದ ಹಿಂದಿನ ಬೀದಿಯಲ್ಲಿ, ಬೇಕರಿಯ ಪಕ್ಕದ ಮನೆಯಲ್ಲಿ. ಈ ಸಭಾಂಗಣಕ್ಕೆ ಸುಣ್ಣ ಹೊಡೆಸಿದ್ದು ನಾನು, ಮೇಯರ್ ಆಗಿದ್ದಾಗ. ಸನ್ಮಾನಿತರು ನನ್ನ ಹೆಂಡತಿ. ಇಷ್ಟೆಲ್ಲ ಇದ್ದೂ ನಾನು ವಿದೇಶಿ, ಯಾಕೆಂದರೆ ಎರಡು ವರ್ಷದಿಂದ ನಾನು ಸೇತುವೆಯ ಆಚೆ ಬದಿಯಲ್ಲಿ, ನನ್ನ ಹೆಂಡತಿಯ ತಮ್ಮ ಲಿಬೊರಿಯೊನ ಮನೆಯಲ್ಲಿ, ರಾಜಕೀಯ ಆಶ್ರಯ ಪಡೆದ ನಿರಾಶ್ರಿತನಾಗಿದ್ದೇನೆ. ಸೇತುವೆಯ ಮೇಲೆ ನಿಧಾನವಾಗಿ ನಡೆದರೂ ಒಂದು ಹಾಡು ಮುಗಿಯುವುದರೊಳಗೆ ತಲುಪಬಹುದಾದ ದೂರ ಅದು.

ವಿಷಯ ಮುಚ್ಚಿಡುವುದು ಬೇಡ. ಕಳೆದ ತಿಂಗಳು ಈ ಕಡೆ ನನ್ನ ಮೇಲಿದ್ದ ಮೊಕದ್ದಮೆ ಬಿದ್ದುಹೋಯಿತು. ಇವತ್ತು ಬೆಳಿಗ್ಗೆ ಆ ಕಡೆಯ ಅಧಿಕಾರಿಯ ಮುಂದೆ ‘ನನಗಿನ್ನು ಆಶ್ರಯ ಬೇಡ’ ಎಂದು ರುಜು ಹಾಕಿ ಸೇತುವೆ ದಾಟಿದೆ. ಒಮ್ಮೆ ಬಿಟ್ಟರೆ ಮತ್ತೆ ಕೊಡುವುದಿಲ್ಲವಂತೆ. ಲಿಬೊರಿಯೊನ ಹೆಂಡತಿ ಫೆಲಿಸಾ ಬಾಗಿಲ ತನಕ ಬಂದು, ‘ಅಣ್ಣಾ, ನಿಮ್ಮ ಹಾಸಿಗೆ ಹೊದಿಕೆ ಒಗೆದು ಮಡಚಿಡ್ತೀನಿ. ನೀವಿನ್ನು ನಿಮ್ಮನೇಗೇ ಹೋಗಿ’ ಎಂದಳು. ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು. ಹಾಗಾಗಿ ಇವತ್ತು ನಾನು ಎಲ್ಲಿ ಉಣ್ಣಬೇಕು, ಎಲ್ಲಿ ಮಲಗಬೇಕು ಎನ್ನುವುದು ಈ ವೇದಿಕೆಯ ಮೇಲಿರುವ ಒಬ್ಬರೇ ಒಬ್ಬರ ಕೈಯಲ್ಲಿದೆ. ಈ ಎರಡು ವರ್ಷದಲ್ಲಿ ಆಕೆ ನನಗೆ ‘ಬಾ’ ಎಂದೂ ಹೇಳಿಲ್ಲ, ‘ಬರಬೇಡ’ ಎಂದೂ ಹೇಳಿಲ್ಲ. ಇವತ್ತು ನನ್ನನ್ನು ಕರೆದದ್ದು ನೆಮೆಸಿಯಾ ಅವರು. ಸನ್ಮಾನಿತರನ್ನು ಕೇಳಿ ಕರೆದರೋ ಕೇಳದೆ ಕರೆದರೋ ನನಗೆ ಗೊತ್ತಿಲ್ಲ. ಅವರ ಮುಖ ನೋಡಿದರೂ ಗೊತ್ತಾಗುತ್ತಿಲ್ಲ.

ನನಗೆ ಕೊಟ್ಟಿರುವ ಸಮಯ ಐದು ನಿಮಿಷ. ನಾನು ಮೇಯರ್ ಆಗಿದ್ದವನು. ಐದು ನಿಮಿಷದಲ್ಲಿ ಬರೀ ಕೆಮ್ಮಿ ಗಂಟಲು ಸರಿಮಾಡಿಕೊಳ್ಳುತ್ತೇನೆ. ದಯವಿಟ್ಟು ಸಹಿಸಿಕೊಳ್ಳಿ.

ಸಭಿಕರೇ, ಒಂದು ಊರಿನ ಜಗಳ ಎರಡು ದೇಶಗಳ ಜಗಳ ಆಗುವುದು ಹೇಗೆ? ಆಶ್ರಯದಲ್ಲಿರುವವನಿಗೆ ಕೆಲಸವಿರುವುದಿಲ್ಲ, ಆದ್ದರಿಂದ ಈ ಪ್ರಶ್ನೆಯನ್ನು ನಾನು ಬಹಳ ಯೋಚಿಸಿದ್ದೇನೆ. ದೊಡ್ಡ ದೊಡ್ಡವರು ಇದಕ್ಕೆ ದೊಡ್ಡ ದೊಡ್ಡ ಕಾರಣ ಕೊಡುತ್ತಾರೆ. ನಾನು ಕಂಡದ್ದನ್ನು ಹೇಳುತ್ತೇನೆ. ನಮ್ಮ ಜಗಳ ಹುಟ್ಟಿದ್ದು ನಮ್ಮ ಅಡುಗೆಮನೆಯಲ್ಲಿ, ಸೂಪಿನ ಬಟ್ಟಲಿನ ಮುಂದೆ.

ಗುಡ್ಡದ ಮೇಲೆ ಹೊಸ ಸಂತೆಕಟ್ಟೆ ಕಟ್ಟಿಸುವ ಮಂಜೂರಾತಿ ಬಂದ ದಿನ ನಾನು ಕುಣಿಯುತ್ತಾ ಮನೆಗೆ ಹೋದೆ. ‘ಬಸಿಲಿಯಾ, ಇನ್ಮೇಲೆ ನೀವ್ಯಾರೂ ಹೊಳೆ ದಡದಲ್ಲಿ ಆಲಿಕಲ್ಲು ಮಳೆಗೆ ಕೂರೋದು ಬೇಡ. ಮೇಲೆ ಚಾವಣಿ, ಕೆಳಗೆ ಸಿಮೆಂಟು, ನಲ್ಲಿ ತಿರುಗ್ಸಿದ್ರೆ ನೀರು!’ ಎಂದೆ.

ಆಕೆ ಬಟ್ಟಲು ಇಟ್ಟು, ‘ಗಿರಾಕಿ?’ ಎಂದಳು.

‘ಗಿರಾಕಿ ಬರ್ತಾರೆ.’

‘ಬೆನ್ನ ಮೇಲೆ ಮೂಟೆ, ಮೂಟೆ ಮೇಲೆ ಮಗು ಕಟ್ಕೊಂಡು ಸೇತುವೆ ದಾಟಿ ಬರೋ ಹೆಂಗಸು ಒಂದು ಹಿಡಿ ಈರುಳ್ಳಿಗೆ ನಿನ್ನ ಗುಡ್ಡ ಹತ್ತುತ್ತಾಳಾ? ಆ ಗುಡ್ಡದ ಮೇಲೆ ಇರೋದು ಸ್ಮಶಾನ. ಅಲ್ಲಿಗೆ ಬರೋ ಗಿರಾಕಿ ಏನೂ ಕೊಳ್ಳಲ್ಲ ಕಣಯ್ಯಾ.’

ನಾನು ನಗಲಿಲ್ಲ. ಈಗ ನೀವು ನಗುತ್ತಿದ್ದೀರಿ, ಆಗಲೂ ನಕ್ಕಿದ್ದಿರಿ. ಒಂದು ವಾರದೊಳಗೆ ಊರಿಡೀ ಆ ಮಾತೇ. ಕಟ್ಟಡ ಎದ್ದು ನಿಂತ ಮೇಲೆ ‘ಸಂತೆ ಎತ್ತಿದರೆ ಮೇಯರನ್ನು ಎತ್ತುತ್ತೇವೆ’ ಎಂದು ನೀವೆಲ್ಲ ಮುಷ್ಕರ ಕೂತಿರಿ, ಮುಂದಿನ ಸಾಲಿನಲ್ಲಿ ನನ್ನ ಹೆಂಡತಿ. ಬೆಳಿಗ್ಗೆ ನನಗೆ ರೊಟ್ಟಿ ಕೊಟ್ಟು ಹೊರಗೆ ಹೋಗುವಳು, ಮಧ್ಯಾಹ್ನದವರೆಗೆ ‘ಫಿದೆನ್ಸಿಯೊ ತೊಲಗು’ ಎಂದು ಕೂಗುವಳು, ಗಂಟಲು ಕಟ್ಟಿಸಿಕೊಂಡು ಮನೆಗೆ ಬರುವಳು. ನಾನು ಕೋಕಾ ಎಲೆ ಹಾಕಿ ನೀರು ಕಾಯಿಸಿ ಇಟ್ಟಿರುತ್ತಿದ್ದೆ. ನನ್ನ ಪಕ್ಷದವರು ಇದನ್ನು ಕೇಳಿ, ‘ಏನು ಸ್ವಾಮಿ, ವಿರೋಧ ಪಕ್ಷದ ಗಂಟಲಿಗೆ ನೀವೇ ಮದ್ದು ಮಾಡ್ತೀರಾ?’ ಎಂದರು. ನಾನೇನು ಮಾಡಲಿ? ರಾಜೀನಾಮೆ ಕೇಳುವ ಗಂಟಲು ಬೇರೆ, ಹೆಂಡತಿಯ ಗಂಟಲು ಬೇರೆ ಎಂದು ಇಬ್ಭಾಗ ಮಾಡಲು ಬರುತ್ತದೆಯೇ? ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಆ ತನಕ ನಾವು ಒಂದೇ ಮನೆಯಲ್ಲಿ ಉಂಡು ಒಂದೇ ಮನೆಯಲ್ಲಿ ಮಲಗುತ್ತಿದ್ದೆವು. ಹಾಗಾಗಿ ಜಗಳ ಎಷ್ಟೇ ಜೋರಾದರೂ ಊರ ಗಡಿಯೊಳಗೇ ಇತ್ತು.

ಆಮೇಲೆ ಹೊರಗಿನವರು ಬಂದರು. ನನ್ನ ಪರ ಕೂಗಲು ಬಸ್ಸಿನಲ್ಲಿ ಬಂದವರು ಯಾರು, ನನ್ನ ವಿರುದ್ಧ ಕೂಗಲು ಲಾರಿಯಲ್ಲಿ ಬಂದವರು ಯಾರು, ನನಗೂ ಗೊತ್ತಿಲ್ಲ, ಬಸಿಲಿಯಾಗೂ ಗೊತ್ತಿರಲಿಲ್ಲ. ಊರ ಹಬ್ಬದ ಮುನ್ನಾದಿನ ಪುರಸಭೆಯ ಕಿಟಕಿ ಗಾಜು ಒಡೆಯಿತು. ‘ಮೇಯರ್ ಮನೆಗೂ ಬೆಂಕಿ ಹಾಕಿ’ ಎಂದು ಯಾರೋ ಕೂಗಿದ್ದು ಕೇಳಿಸಿತು. ನಾನು ಪುರಸಭೆಯ ಹಿಂದಿನ ಬಾಗಿಲಿನಿಂದ ಹೊರಬಿದ್ದೆ. ಮೇಯರ್ ಓಡಿಹೋದ ಎಂದು ಪತ್ರಿಕೆಗಳು ಬರೆದವು. ಓಡಲಿಲ್ಲ, ಸಭಿಕರೇ, ಬೇಗ ನಡೆದೆ. ನದಿ ದಡದಲ್ಲಿ ದೋಣಿಯ ತೊರಿಬಿಯೊ ಇದ್ದ. ‘ಎಲ್ಲಿಗೆ?’ ಎಂದ. ‘ಬಾಮೈದನ ಮನೆಗೆ’ ಎಂದೆ.

ಇಲ್ಲಿ ನಾನೊಂದು ಮಾತು ಒತ್ತಿ ಹೇಳಬೇಕು. ‘ಬೊಲಿವಿಯಾಗೆ’ ಎಂದು ನಾನು ಹೇಳಲಿಲ್ಲ. ಹೆಂಡತಿಯ ಜೊತೆ ಜಗಳ ಮಿತಿಮೀರಿದರೆ ಗಂಡನಾದವನು ಅವಳ ತವರಿಗೆ ಹೋಗಿ ಕೂರಬೇಕು, ಅವರು ಎದ್ದು ಬಂದು ನ್ಯಾಯ ಹೇಳಬೇಕು. ನಮ್ಮ ಅಪ್ಪ ಹಾಗೆ ಮಾಡಿದ್ದ, ನಮ್ಮಜ್ಜ ಹಾಗೆ ಮಾಡಿದ್ದ. ಇಲ್ಲಿ ಗೋಡೆಗೆ ಒರಗಿರುವವರಲ್ಲಿ ಅರ್ಧ ಜನ ಮಾಡಿದ್ದೀರಿ, ನನಗೆ ಗೊತ್ತು, ತಲೆ ತಗ್ಗಿಸಬೇಡಿ. ಬಸಿಲಿಯಾಳ ತವರು ಸೇತುವೆಯ ಆಚೆ ಇತ್ತು, ಹೋದೆ. ದಾರಿಯಲ್ಲಿ ಒಂದು ದೇಶ ಮುಗಿದು ಇನ್ನೊಂದು ಶುರುವಾಗುತ್ತದೆ ಎನ್ನುವುದು ಆ ಹೊತ್ತಿಗೆ ನನ್ನ ತಲೆಯಲ್ಲೇ ಇರಲಿಲ್ಲ.

ಲಿಬೊರಿಯೊ ನನ್ನನ್ನು ನೋಡಿ ಏನೂ ಕೇಳಲಿಲ್ಲ. ತನ್ನದೊಂದು ಒಣ ಪ್ಯಾಂಟು ಕೊಟ್ಟ. ಬಿಸಿ ಆಲೂಗಡ್ಡೆ ಕೊಟ್ಟ. ‘ಭಾವಾ, ನಾಳೆ ಹೇಗಿದ್ರೂ ನಾವು ಕುಣಿಯೋಕೆ ನಿಮ್ಮೂರಿಗೇ ಹೋಗ್ತಿದೀವಿ. ಕುಣಿದು ಮುಗಿಸಿ ಅಕ್ಕನ ಹತ್ರ ಮಾತಾಡ್ತೀನಿ. ನೀವು ನಿಶ್ಚಿಂತೆಯಿಂದ ಮಲಗಿ’ ಎಂದ.

‘ನಾಳೆ ಬೇಡ ಕಣೋ. ಅಲ್ಲಿ ಮುಷ್ಕರ, ಕಲ್ಲು, ರಾಜಧಾನಿಯಿಂದ ಟೀವಿಯವರು ಬೇರೆ ಬಂದಿದ್ದಾರೆ.’

‘ಹೋದ ವರ್ಷ ನಮ್ಮ ಹಬ್ಬಕ್ಕೆ ನಿಮ್ಮೂರ ತಂಡ ಆಲಿಕಲ್ಲು ಮಳೇಲಿ ಬಂದು ಕುಣೀತು ಭಾವಾ. ಕಹಳೆ ಒಳಗೆಲ್ಲ ನೀರು. ಮುಯ್ಯಿ ಇದೆ ನಮ್ಮ ಮೇಲೆ. ನಿಮ್ಮ ಮುಷ್ಕರಕ್ಕೋಸ್ಕರ ನಾವು ಮುಯ್ಯಿ ತೀರಿಸ್ದೆ ಕೂತ್ರೆ ಊರಲ್ಲಿ ಮುಖ ಎತ್ಕೊಂಡು ತಿರುಗೋದು ಹ್ಯಾಗೆ?’

ಅದಕ್ಕೆ ನಿಮ್ಮಲ್ಲಿ ಯಾರಲ್ಲಾದರೂ ಉತ್ತರವಿದೆಯೇ? ಗಂಡ ಸತ್ತ ಮನೆಯಲ್ಲೂ ಬಿತ್ತನೆಯ ಮುಯ್ಯಾಳು ತಪ್ಪಿಸದವರು ನಾವು.

ಬೆಳಿಗ್ಗೆ ನಾನು ಅವನ ಮಾಳಿಗೆಯ ಮೇಲೆ ನಿಂತು ನೋಡಿದೆ. ಮುಂದೆ ಕಹಳೆ, ಡೋಲು. ಹಿಂದೆ ಇನ್ನೂರು ಗಂಡಸರು, ಒಂದೇ ಬಣ್ಣದ ಕೋಟು, ಒಂದೇ ಬಗೆಯ ಬೂಟು, ಕೈಯಲ್ಲಿ ಕರಕರ ಎನ್ನುವ ಮರದ ಗಿಲಕಿ, ಸಾಲು ತಪ್ಪದ ಹೆಜ್ಜೆ. ಸೇತುವೆಯೇ ತೂಗುವ ಹಾಗೆ ಹೋದರು. ಈಚೆ ತುದಿಯಲ್ಲಿ ಮುಷ್ಕರದ ಕಲ್ಲುಗಳು ಅಡ್ಡ. ನೀವೆಲ್ಲ ಅಲ್ಲಿದ್ದಿರಿ. ಬಸಿಲಿಯಾ ಏನೆಂದಳು? ‘ಕಲ್ಲು ತೆಗೀರೇ. ಮುಷ್ಕರ ನಾಳೆ. ಇವರು ಮುಯ್ಯಿ ತೀರಿಸೋಕೆ ಬಂದಿದಾರೆ’ ಎಂದಳು. ನೀವು ಕಲ್ಲು ತೆಗೆದಿರಿ, ಬಂದವರ ತಲೆಯ ಮೇಲೆ ಬಣ್ಣದ ಕಾಗದದ ಚೂರು ಎರಚಿದಿರಿ, ಅಪ್ಪಿಕೊಂಡಿರಿ. ರಾಜಧಾನಿಯ ಕ್ಯಾಮರಾ ಇದನ್ನೆಲ್ಲ ನೋಡಿತು.

ಈಗ ಹೇಳಿ, ನಮ್ಮ ಭಾಷೆ ಬಾರದ, ಮುಯ್ಯಿ ತಿಳಿಯದ ಒಬ್ಬ ಟೀವಿ ಹುಡುಗ ಇದನ್ನು ನೋಡಿದರೆ ಅವನಿಗೆ ಏನು ಕಂಡೀತು? ಚುನಾಯಿತ ಮೇಯರ್ ಕಾಣೆಯಾಗಿದ್ದಾನೆ. ಅದೇ ಬೆಳಿಗ್ಗೆ ಪಕ್ಕದ ದೇಶದಿಂದ ಸಮವಸ್ತ್ರದ ಇನ್ನೂರು ಗಂಡಸರು ಹೆಜ್ಜೆ ಹಾಕುತ್ತಾ ಬರುತ್ತಾರೆ. ಮುಷ್ಕರದವರು ದಾರಿ ಬಿಟ್ಟು ಸ್ವಾಗತಿಸುತ್ತಾರೆ. ಅವರ ನಾಯಕಿ ಆ ದೇಶದಲ್ಲೇ ಹುಟ್ಟಿದವಳು. ಬಂದವರ ಮುಂದಾಳು ಅವಳ ತಮ್ಮ! ನಾನೇ ಆ ಹುಡುಗನಾಗಿದ್ದರೂ ಬೆವೆತುಹೋಗುತ್ತಿದ್ದೆ. ಸಂಜೆಯ ಸುದ್ದಿಯಲ್ಲಿ ‘ವಿದೇಶಿ ಪಡೆಯ ಬೆಂಬಲದಿಂದ ಮೇಯರ್ ಉಚ್ಚಾಟನೆ’ ಎಂದು ಬಂತು.

ಬರೀ ಸುದ್ದಿಯಾಗಿದ್ದರೆ ಮರುದಿನ ಮರೆತುಹೋಗುತ್ತಿತ್ತು. ಆದರೆ ಆ ವರ್ಷ ಈ ಕಡೆಯ ರಾಜಧಾನಿಯಲ್ಲಿ ದೊಡ್ಡವರಿಗೆ ಅವರದೇ ತಲೆನೋವುಗಳಿದ್ದವು, ಬೈಯಲು ಹೊರಗಿನವನೊಬ್ಬ ಬೇಕಾಗಿದ್ದ. ಆ ಕಡೆಯ ರಾಜಧಾನಿಯಲ್ಲಿ ಚುನಾವಣೆ ಹತ್ತಿರವಿತ್ತು, ಕಾಪಾಡಲು ಹೊರಗಿನವನೊಬ್ಬ ಬೇಕಾಗಿದ್ದ. ಇವರಿಗೆ ಬೈಯಲು ಲಿಬೊರಿಯೊ ಸಿಕ್ಕ, ಅವರಿಗೆ ಕಾಪಾಡಲು ನಾನು ಸಿಕ್ಕೆ. ಮೂರನೆಯ ದಿನ ಫೆಲಿಸಾಳ ಅಂಗಳಕ್ಕೆ ಒಂದು ಕಪ್ಪು ಕಾರು ಬಂತು. ನಾನು ಬಾಮೈದನ ಪ್ಯಾಂಟು ಹಾಕಿಕೊಂಡು ಆಲೂಗಡ್ಡೆ ಸುಲಿಯುತ್ತಿದ್ದೆ. ಟೈ ಕಟ್ಟಿದ ಅಧಿಕಾರಿ ಕೇಳಿದರು: ‘ನಿಮ್ಮ ಜೀವಕ್ಕೆ ಅಪಾಯವಿದೆಯೇ?’

‘ಹೆಂಡತಿಗೆ ಸಿಟ್ಟು ಬಂದಿದೆ ಸ್ವಾಮಿ.’

‘ಅವರು ಯಾವ ಪಕ್ಷ?’

‘ಈರುಳ್ಳಿ.’

ಅವರು ನಗಲಿಲ್ಲ, ಬರೆದುಕೊಂಡರು. ಸಂಜೆಯ ಹೊತ್ತಿಗೆ ನಾನು ಕಿರುಕುಳಕ್ಕೊಳಗಾದ ಜನನಾಯಕನಾಗಿದ್ದೆ. ಒಂದು ದೇಶ ‘ನಮ್ಮ ಮೇಯರನ್ನು ಅಪಹರಿಸಿದ್ದಾರೆ’ ಎಂದಿತು. ಇನ್ನೊಂದು ‘ಅವರ ಮೇಯರನ್ನು ನಾವು ಉಳಿಸಿದ್ದೇವೆ’ ಎಂದಿತು. ಸೇತುವೆಯ ಎರಡೂ ತುದಿಗೆ ಮುಳ್ಳುತಂತಿ ಬಂತು, ಸೈನಿಕರು ಬಂದರು, ಮರಳಿನ ಚೀಲ ಬಂತು. ಸಂತೆ ನಿಂತಿತು. ಗೆದ್ದವರಿಗೂ ಗಿರಾಕಿ ಇಲ್ಲ, ಸೋತವನಿಗೂ ಮನೆಯಿಲ್ಲ.

ತಮಾಷೆ ಕೇಳಿ. ಹಬ್ಬ ಮುಗಿಯುವ ಮೊದಲೇ ಸೇತುವೆ ಮುಚ್ಚಿ, ಕುಣಿಯಲು ಬಂದವರೆಲ್ಲ ಈಚೆಯೇ ಸಿಕ್ಕಿಕೊಂಡರು. ನಾನು ಲಿಬೊರಿಯೊನ ಮನೆಯಲ್ಲಿ, ಲಿಬೊರಿಯೊ ನನ್ನ ಮನೆಯಲ್ಲಿ. ನಾನು ಅವನ ಪ್ಯಾಂಟಿನಲ್ಲಿ, ಅವನು ನನ್ನ ಸ್ವೆಟರಿನಲ್ಲಿ. ಆ ಮನೆಯಲ್ಲಿ ನನಗೆ ಮಲಗಲು ಕೊಟ್ಟಿದ್ದು ಬಸಿಲಿಯಾ ಹುಡುಗಿಯಾಗಿದ್ದಾಗ ಮಲಗುತ್ತಿದ್ದ ಮಂಚ. ಅದರ ಕಾಲಿನ ಮೇಲೆ ಅವಳು ಮೊಳೆಯಿಂದ ಕೆತ್ತಿದ ಒಂದು ಮೀನು ಇದೆ, ಹೊಟ್ಟೆ ದಪ್ಪಗಿರುವ ಮೀನು. ಅದನ್ನು ನೋಡುತ್ತಾ ಮಲಗಿದ್ದಾಗ ರೇಡಿಯೊದಲ್ಲಿ ‘ವಿದೇಶಿ ಮೂಲದ ಚಳವಳಿಗಾರ್ತಿ ಬಸಿಲಿಯಾ ತಾರ್ಕಿ’ ಎಂದು ಯಾರೋ ಓದಿದರು. ನನಗೆ ಎಂಥ ಸಿಟ್ಟು ಬಂತೆಂದರೆ ರೇಡಿಯೊ ಎತ್ತಿ ಅಂಗಳಕ್ಕೆ ಎಸೆದೆ. ಈಚೆ ದಡಕ್ಕೆ ಬಂದು ಮೂವತ್ತು ವರ್ಷ ಬಾಳಿದವಳು ವಿದೇಶಿಯೇ? ಅವಳನ್ನು ಬೈಯುವ ಹಕ್ಕು ಇದ್ದವನು ನಾನೊಬ್ಬ! ಆ ರೇಡಿಯೊ ಫೆಲಿಸಾಳದು, ರಿಪೇರಿ ಮಾಡಿಸಿಕೊಟ್ಟೆ.

ಸೇತುವೆಗೆ ಬೀಗ ಹಾಕಬಹುದು, ಬಾಯಿಗೆ ಹಾಕುವುದು ಹೇಗೆ? ನಮ್ಮ ನದಿ ಅಗಲವಲ್ಲ. ಒಂದು ಸಂಜೆ ನಾನು ದಡದ ಜೊಂಡಿನ ಹತ್ತಿರ ನಿಂತಿದ್ದೆ. ಎದುರು ದಡದಿಂದ ಬಸಿಲಿಯಾಳ ಕೂಗು ಬಂತು.

‘ಓಯ್ ಮೇಯರ್ರೇ! ಊಟ ಆಯ್ತಾ?’

ಎರಡು ದೇಶದ ಸೈನಿಕರು ಬಂದೂಕು ಬಿಗಿ ಹಿಡಿದರು. ನನಗೆ ಕಣ್ಣಲ್ಲಿ ನೀರು ಬಂತು. ‘ಆಯ್ತು! ನಿಂದು?’ ಎಂದೆ.

‘ನಿನ್ನ ಬಾಮೈದ ಮಡಕೆ ತೊಳೆಯೋದೇ ಬೇಡ ಅನ್ನೋ ಹಾಗೆ ಉಣ್ತಾನೆ! ಇವನನ್ನ ಯಾವಾಗ ಕರೆಸ್ಕೊಳ್ತೀಯಾ?’

‘ಸರ್ಕಾರ ಮಾತಾಡ್ತಾ ಇದೆಯಂತೆ!’

‘ಯಾವ ಸರ್ಕಾರ?’

‘ಎರಡೂ!’

‘ಹಾಗಾದ್ರೆ ತುಂಬ ದಿನ ಆಗುತ್ತೆ ಬಿಡು. ಇವನಿಗೆ ಇಲ್ಲೇ ಒಂದು ಹೆಣ್ಣು ನೋಡ್ಲಾ?’

ನನ್ನ ಪಕ್ಕದಲ್ಲಿದ್ದ ಫೆಲಿಸಾ ಕೂಗಿದ ಕೂಗಿಗೆ ಜೊಂಡಿನಲ್ಲಿದ್ದ ಬಾತುಕೋಳಿಗಳೆಲ್ಲ ಎದ್ದುಹೋದವು. ‘ನೋಡು ಅತ್ತಿಗೆ, ನೋಡು! ನಾನೂ ಇಲ್ಲಿ ನಿನ್ನ ಗಂಡನಿಗೆ ನೋಡ್ತೀನಿ!’ ಎಂದಳು. ‘ನೋಡು, ಯಾರಾದ್ರೂ ಒಪ್ಪಿದ್ರೆ ಹೇಳಿ ಕಳ್ಸು, ನಾನೇ ಬಂದು ಹಾರ ಹಾಕ್ತೀನಿ!’ ಎಂದು ಈಕೆ ಉತ್ತರ ಕೊಟ್ಟಳು. ಕ್ಷಮಿಸಿ, ಸನ್ಮಾನಿತರು ಉತ್ತರ ಕೊಟ್ಟರು. ಅವತ್ತು ಎರಡೂ ದಡದ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ದೂರದ ಕರಾವಳಿಯಿಂದ, ಕಣಿವೆಯಿಂದ ಬಂದಿದ್ದ ಸೈನಿಕರಿಗೆ ನಮ್ಮ ಐಮಾರಾ ಮಾತು ತಿಳಿಯದು. ಸಂಕೇತ ಭಾಷೆಯಲ್ಲಿ ಏನೋ ಹುನ್ನಾರ ನಡೆಯುತ್ತಿದೆ ಎಂದು ಮೇಲಿನವರಿಗೆ ತಿಳಿಸಿದರು. ಮರುದಿನದಿಂದ ನದಿಯ ಮೇಲೆ ಕೂಗುವುದೂ ನಿಷೇಧವಾಯಿತು.

ಅದಾದ ಮೇಲಿನದು ತಮಾಷೆಯಲ್ಲ.

ಆಗ ಚಳಿಗಾಲ. ನನ್ನ ಭುಜದ ನೋವು ಬಸಿಲಿಯಾಗೆ ಗೊತ್ತು. ದಪ್ಪ ಉಣ್ಣೆಯ ಅಂಗಿ, ಒಂದು ಡಬ್ಬಿ ಮುಲಾಮು, ಒಂದಿಷ್ಟು ಚೂನ್ಯೊ ಗಂಟು ಕಟ್ಟಿ ತೊರಿಬಿಯೊನ ಕೈಗೆ ಕೊಟ್ಟಳು. ಹಿಮದಲ್ಲಿ ಒಣಗಿಸಿದ ಆ ಆಲೂಗಡ್ಡೆ ಫೆಲಿಸಾಳ ಮನೆಯಲ್ಲಿ ಇರಲಿಲ್ಲವೇ? ಮೂಟೆಗಟ್ಟಲೆ ಇತ್ತು. ಆದರೂ ಕಳಿಸಿದಳು. ಮಬ್ಬುಗತ್ತಲಲ್ಲಿ ತೊರಿಬಿಯೊ ಜೊಂಡಿನ ಮರೆಯಲ್ಲಿ ದೋಣಿ ಹಾಕಿದ. ಗುಂಡು ಹಾರಿತು. ಯಾವ ದಡದಿಂದ ಹಾರಿತು ಎಂದು ಇವತ್ತಿಗೂ ತಿಳಿದಿಲ್ಲ. ಎರಡು ದೇಶಗಳೂ ‘ನಮ್ಮದಲ್ಲ’ ಎಂದವು. ತೊರಿಬಿಯೊನ ಬಲಗೈ ಅವತ್ತಿನಿಂದ ಮೇಲೆ ಏಳುವುದಿಲ್ಲ. ಅಗೋ, ಮೂರನೆಯ ಸಾಲಿನಲ್ಲಿ ಕುಳಿತಿದ್ದಾನೆ. ದೋಣಿಯನ್ನು ಈಗ ಅವನ ಮಗಳು ನಡೆಸುತ್ತಾಳೆ. ತೊರಿಬಿಯೊ, ನಮ್ಮಿಬ್ಬರ ಜಗಳದಲ್ಲಿ ನಿನ್ನ ಪಾಲು ಏನಿತ್ತಪ್ಪಾ? ಗಂಟು ಒಯ್ಯುವುದಷ್ಟೇ ಇತ್ತು.

ಆ ಗುಂಡಿನ ಸದ್ದಿಗೆ ಎರಡೂ ರಾಜಧಾನಿಗಳು ಬೆಚ್ಚಿದವು. ವಾರದೊಳಗೆ ದೊಡ್ಡವರು ಯಾವುದೋ ಹೋಟೆಲಿನಲ್ಲಿ ಕುಳಿತು ಕೈಕುಲುಕಿದರು, ಇಬ್ಬರೂ ತಾವೇ ಗೆದ್ದೆವೆಂದರು. ಸೇತುವೆ ತೆರೆಯಿತು. ಕುಣಿಯುವವರು ಊರಿಗೆ ಮರಳಿದರು. ಸಂತೆ ದಡದಲ್ಲೇ ಉಳಿಯಿತು. ಈ ಮೇಯರ್ ಅವರು ಆರಿಸಿ ಬಂದರು. ಎಲ್ಲ ತಂತಮ್ಮ ಜಾಗಕ್ಕೆ ಹೋಯಿತು, ನಾನೊಬ್ಬ ಬಿಟ್ಟು. ಈಚೆ ಬಂದರೆ ‘ಹುದ್ದೆ ತೊರೆದು ಪರಾರಿ’ ಎಂಬ ಮೊಕದ್ದಮೆ. ಆಚೆ ಇದ್ದರೆ ಆಶ್ರಯ. ದೇಶಗಳ ನಡುವೆ ರಾಜಿಯಾಯಿತು. ಗಂಡ ಹೆಂಡಿರ ನಡುವೆ ರಾಜಿ ಮಾಡಿಸಲು ಹೋಟೆಲಿನಲ್ಲಿ ಯಾರೂ ಕುಳಿತುಕೊಳ್ಳಲಿಲ್ಲ.

ಲಿಬೊರಿಯೊ ಮಾತು ಕೊಟ್ಟಂತೆ ಅಕ್ಕನ ಹತ್ತಿರ ಮಾತಾಡಿಯೇ ಬಂದಿದ್ದ. ಬಹಳ ದಿನ ನನಗೆ ಹೇಳಲಿಲ್ಲ. ನಾನು ಪೀಡಿಸಿದ ಮೇಲೆ ಹೇಳಿದ. ಆಕೆ ಅಂದದ್ದು ಇಷ್ಟು: ‘ಅವನು ಸೋತಿದ್ದಕ್ಕೆ ನನಗೇನೂ ಸಿಟ್ಟಿಲ್ಲ ಕಣೋ ತಮ್ಮಾ, ಸೋಲಿಸಿದ್ದೇ ನಾನು. ಅವತ್ತು ಗಾಜು ಒಡೆದಾಗ ನಾನು ಓಡಿ ಮನೆಗೆ ಬಂದೆ. ಆ ಲಾರಿಯವರು ಬಂದ್ರೆ ಬಾಗಿಲಲ್ಲಿ ನಾನೇ ನಿಲ್ತೀನಿ ಅಂತ ನಿಂತೆ. ಸೂಪು ಕಾಯಿಸಿಟ್ಟೆ. ಸೋತು ಬರ್ತಾನೆ, ಚೆನ್ನಾಗಿ ಬೈಯಬೇಕು ಅಂತ ಕಾದೆ. ಅವನು ಬರಲೇ ಇಲ್ಲ. ನನ್ನ ಮೇಲೆ ದೂರು ಹೇಳೋಕೆ ನನ್ನ ತವರಿಗೇ ಹೋದ.’

ಸಭಿಕರೇ, ನಾನು ಕ್ರಮ ಪ್ರಕಾರವೇ ನಡೆದೆ ಎಂದು ಈಗಲೂ ಹೇಳುತ್ತೇನೆ. ಆದರೆ ನಾನು ಆ ಸಂಜೆ ಬಾಮೈದನ ಮನೆಯಲ್ಲಿ ಆಲೂಗಡ್ಡೆ ತಿನ್ನುತ್ತಿದ್ದಾಗ ಇಲ್ಲಿ ಒಬ್ಬಳು ನನ್ನ ಮನೆಯ ಬಾಗಿಲಿಗೆ ಅಡ್ಡ ನಿಂತಿದ್ದಳು, ನನ್ನನ್ನು ಬೈಯುವ ಆಸೆಯಿಂದ. ಈ ಎರಡು ವರ್ಷದಲ್ಲಿ ಪ್ರತಿ ಸಂತೆಯ ದಿನ ನಾನು ಜೊಂಡಿನ ಹತ್ತಿರ ಹೋಗಿ ನಿಲ್ಲುತ್ತಿದ್ದೆ. ಆಕೆ ಪ್ಲಾಸ್ಟಿಕ್ ಹಾಳೆ ಹಾಸುವುದು, ಈರುಳ್ಳಿ ಗುಡ್ಡೆ ಹಾಕುವುದು, ಸೊಂಟಕ್ಕೆ ಕೈಕೊಟ್ಟು ನಿಂತು ಯಾರನ್ನೋ ಗದರುವುದು, ಎಲ್ಲ ಕಾಣುತ್ತಿತ್ತು. ಬೆನ್ನು ಸ್ವಲ್ಪ ಬಾಗಿದೆ ಅನ್ನಿಸಿತು. ಹತ್ತಿರದಿಂದ ನೋಡಿದರೆ ಅಷ್ಟೇನಿಲ್ಲ.

ಇದನ್ನೆಲ್ಲ ಹೇಳುವ ಉದ್ದೇಶ ನನಗಿರಲಿಲ್ಲ. ಸಂಘದ ಸಾಧನೆಗಳ ಬಗ್ಗೆ ಹೇಳಲು ಬಂದವನು. ಅಧ್ಯಕ್ಷರು ಗಂಟೆಯ ಮೇಲೆ ಕೈಯಿಟ್ಟಿದ್ದಾರೆ, ಮುಗಿಸುತ್ತೇನೆ.

ಊರಿನ ಜಗಳ ಹೊರದೇಶಕ್ಕೆ ಹೋಗುವುದು ಹೊರಗಿನವರು ಎಳೆದುಕೊಂಡು ಹೋಗುವುದರಿಂದ ಎಂದು ನಾನು ನಂಬಿದ್ದೆ. ಅವರು ಎಳೆದದ್ದು ನಿಜ, ಆಮೇಲೆ. ಮೊದಲು ಅದು ಹೊರಟದ್ದು, ಸೋತವನು ಇನ್ನು ಊರಿನಲ್ಲಿ ತನಗೆ ಜಾಗವಿಲ್ಲ ಎಂದುಕೊಂಡಾಗ. ಗೆದ್ದವರು ಸೋತವನಿಗೆ ಒಂದು ಕುರ್ಚಿ, ಒಂದು ಬಟ್ಟಲು ಬಿಟ್ಟಿಡಬೇಕು. ಬಿಟ್ಟಿಟ್ಟಿದ್ದಾರೆ ಎಂದು ಸೋತವನು ನಂಬಬೇಕು. ಈಗಿನ ಮೇಯರ್ ಅವರೇ, ನೀವೂ ಒಂದು ದಿನ ಸೋಲುತ್ತೀರಿ, ಈ ಹೆಂಗಸರ ಕೈಯಲ್ಲೇ ಸೋಲುತ್ತೀರಿ. ಅವತ್ತು ಹಿಂದಿನ ಬಾಗಿಲು ಹುಡುಕಬೇಡಿ.

ಬಸಿಲಿಯಾ, ಇದು ನಿನಗೆ. ಗುಡ್ಡದ ಮೇಲಿನ ಸಂತೆಕಟ್ಟೆ ತಪ್ಪು ಎಂದು ನಾನು ಹೇಳುವುದಿಲ್ಲ. ಈ ಸಭೆಯಲ್ಲೂ ಇಲ್ಲ, ಸಾಯುವ ತನಕವೂ ಇಲ್ಲ. ಅದು ಒಳ್ಳೆಯ ಕಟ್ಟಡ. ನಲ್ಲಿಯಲ್ಲಿ ನೀರು ಬರುತ್ತದೆ. ಅದನ್ನು ತಪ್ಪೆಂದು ಹೇಳಿ ಒಳಗೆ ಬಂದರೆ ನೀನು ಒಂದು ದಿನವೂ ನನ್ನನ್ನು ನಂಬುವುದಿಲ್ಲ ಎಂದು ನನಗೆ ಗೊತ್ತು. ಜಗಳ ಮುಗಿಸಲು ನಾನು ಬಂದಿಲ್ಲ. ಅದನ್ನು ಮನೆಗೆ ವಾಪಸು ತಂದಿದ್ದೇನೆ. ಅವತ್ತು ಬೈಯಬೇಕೆಂದು ಇಟ್ಟುಕೊಂಡಿದ್ದೆಯಲ್ಲ, ಅದೆಲ್ಲ ಬೈ. ನಾನು ಕೂತು ಕೇಳುತ್ತೇನೆ. ಮಧ್ಯೆ ಮಧ್ಯೆ ಉತ್ತರ ಕೊಡುತ್ತೇನೆ, ಅದನ್ನು ತಡೆಯಲು ನನ್ನಿಂದಾಗದು. ಬರಲೋ ಬೇಡವೋ ಹೇಳು.

ಅಧ್ಯಕ್ಷರೇ, ಸನ್ಮಾನಿತರು ಎದ್ದರು. ಹಾರ ತೆಗೆದು ಮೇಜಿನ ಮೇಲಿಟ್ಟರು. ಪಾದ್ರಿಗಳೇ, ದಾರಿ ಬಿಡಿ. ಮೆಟ್ಟಿಲು ಇಳಿದರು. ಹೆಂಗಸರೇ, ಯಾರೂ ಅವರ ಕೈ ಹಿಡಿದು ನಿಲ್ಲಿಸಬೇಡಿ, ಹೋಗಲಿ. ಕೇಳಿದ ಪ್ರಶ್ನೆಗೆ ಎದ್ದುಹೋಗುವುದೂ ಒಂದು ಉತ್ತರವೇ. ಬಾಗಿಲು ದಾಟಿದರು.

ಯಾಕೆ ನಗುತ್ತಿದ್ದೀರಿ? ಏನು ತೋರಿಸುತ್ತಿದ್ದೀರಿ, ನನ್ನ ಕುರ್ಚಿಯೇ? ನನ್ನ ಕುರ್ಚಿಯ ಮೇಲೆ...

ಇದು ಬಸಿಲಿಯಾಳ ಟೋಪಿ.

ಸಭಿಕರೇ, ನಮ್ಮೂರ ಹೆಂಗಸು ಟೋಪಿಯಿಲ್ಲದೆ ಬಾವಿಕಟ್ಟೆಗೂ ಹೋಗುವವಳಲ್ಲ. ಬಿಸಿಲಿಗೆ, ಚಳಿಗೆ, ಮದುವೆಗೆ, ಮುಷ್ಕರಕ್ಕೆ ಅದು ತಲೆಯ ಮೇಲೆಯೇ. ಇನ್ನೊಬ್ಬರ ಕೈಗೆ ಕೊಡುವುದೂ ಇಲ್ಲ. ಈಗ ಬರಿ ತಲೆಯಲ್ಲಿ, ಈ ಗಾಳಿಯಲ್ಲಿ, ಬೀದಿಯಲ್ಲಿ ನಡೆದುಕೊಂಡು ಹೋಗುತ್ತಿದ್ದಾಳೆ. ಯಾರಾದರೂ ಬೇಗ ಇದನ್ನು ಮನೆಗೆ ತಲುಪಿಸಬೇಕು.

ಸಂಘದ ಸಾಧನೆಗಳನ್ನು ಮುಂದೆ ಮಾತಾಡುವವರು ಹೇಳುತ್ತಾರೆ. ಅಧ್ಯಕ್ಷರಿಗೆ, ತೊರಿಬಿಯೊಗೆ, ಎರಡೂ ದಡದ ನಿಮ್ಮೆಲ್ಲರಿಗೆ ನನ್ನ ವಂದನೆಗಳು. ನಾನು ಹೊರಟೆ. ಈ ಸಲ ಓಡಿಯೇ ಹೋಗುತ್ತೇನೆ, ಬೇಕಾದರೆ ಪತ್ರಿಕೆಯವರು ಬರೆದುಕೊಳ್ಳಲಿ.

ನಮಸ್ಕಾರ.